ಸೈಪ್ರಸ್ಸಿನ ಹೂಜಿಯನ್ನು ನೋಡುವ ಬಗೆ

ಗ್ರೀಕ್ ಪಾತ್ರೆಗಳ ಮೇಲೆ ಕಥೆ ಹುಡುಕಿ ರೂಢಿಯಾದವರಿಗೆ ಸೈಪ್ರಸ್ಸಿನ ಹೂಜಿ ಮೊದಲ ನೋಟಕ್ಕೆ ಸಪ್ಪೆ ಅನ್ನಿಸೀತು. ಯುದ್ಧವಾಗಲಿ ದೇವತೆಗಳ ಜಗಳವಾಗಲಿ ಇಲ್ಲಿ ಅಪರೂಪ. ಒಂದು ಹಕ್ಕಿ, ಒಂದು ಮೀನು, ಒಂದು ಹೂವು, ಮಿಕ್ಕಿದ್ದೆಲ್ಲ ಬರಿದು. ಆ ಬರಿದನ್ನು ನೋಡಲು ಕಲಿಯಿರಿ, ಅರ್ಧ ದಾರಿ ಸವೆದಂತೆಯೇ.

ನಾನು ಹೇಳುತ್ತಿರುವುದು ಮುಖ್ಯವಾಗಿ ಕ್ರಿ.ಪೂ. 7ನೆಯ ಶತಮಾನದ ದ್ವಿವರ್ಣ ಹೂಜಿಗಳ ಮಾತು. ತಿಳಿ ಮೈಮೇಲೆ ಎರಡೇ ಬಣ್ಣ: ಗೆರೆಗೆ ಕಪ್ಪು, ಒಳಗೆ ತುಂಬಲು ಕೆಂಪು. ನಿಕೋಸಿಯಾದ ಸೈಪ್ರಸ್ ಮ್ಯೂಸಿಯಂನಲ್ಲಿ ಅರ್ನಾಧಿ ಎಂಬಲ್ಲಿ ದೊರೆತ ಹೂಜಿಯಿದೆ. ಅದರ ಮೇಲೊಂದು ಗೂಳಿ ತಲೆ ತಗ್ಗಿಸಿ ತಾವರೆ ಮೂಸುತ್ತಿದೆ. ಇಂಥ ಚಿತ್ರಗಳಿಗೆ ಚೌಕಟ್ಟು ಹಾಕುವ ಪದ್ಧತಿ ಇರಲಿಲ್ಲ. ಚಿತ್ರವನ್ನು ಹಿಡಿದು ನಿಲ್ಲಿಸುವುದು ಹೂಜಿಯ ಉಬ್ಬಿದ ಹೊಟ್ಟೆಯೇ! ಅದಕ್ಕೇ ಫೋಟೋದಲ್ಲಿ ಇದರ ಸೊಗಸು ಪೂರ್ತಿ ದಕ್ಕುವುದಿಲ್ಲ. ಹಿಡಿ ಎಲ್ಲಿದೆ ಎಂದೂ ಗಮನಿಸಿ. ಚಿತ್ರ ಸಾಮಾನ್ಯವಾಗಿ ಅದರ ಎದುರು ಬದಿಯಲ್ಲಿ, ಬಾಯಿಯ ಕೆಳಗಿರುತ್ತದೆ. ಹೂಜಿಯನ್ನು ಬಗ್ಗಿಸಿದಾಗ ಅದು ಕಾಣುವುದು ಬಗ್ಗಿಸಿದವನಿಗಲ್ಲ, ಎದುರು ಕುಳಿತವನಿಗೆ.

ಇನ್ನು ವೃತ್ತಗಳು. ಒಂದರೊಳಗೊಂದು ಕೂತ ಆ ಸಣ್ಣ ಸುತ್ತುಗಳ ನಡುವಿನ ಅಂತರ ಎಲ್ಲೂ ತಪ್ಪುವುದಿಲ್ಲ. ಹಲವು ಕುಂಚಗಳನ್ನು ಸಾಲಾಗಿ ಜೋಡಿಸಿ, ಕೈವಾರದಂತೆ ಒಂದೇ ಸಲಕ್ಕೆ ತಿರುಗಿಸುತ್ತಿದ್ದರು. ಅಗಲ ಪಟ್ಟಿಗಳಿಗೆ ಕುಂಚವನ್ನು ಅಲುಗದಂತೆ ಹಿಡಿದು, ತಿರುಗುವ ತಿಗರಿಗೆ ಕೆಲಸ ಬಿಡುತ್ತಿದ್ದರು. ಅದೇ ಕೈ ಹಕ್ಕಿ ಬರೆಯುವಾಗ ಯಾವ ಸಲಕರಣೆಯ ಹಂಗೂ ಇಲ್ಲದೆ ಓಡಿದೆ. ಈ ಕಟ್ಟುನಿಟ್ಟು, ಈ ಸಲಿಗೆ ಒಂದೇ ಮೈಮೇಲೆ ಸೇರುವುದೇ ನನಗೆ ಸೈಪ್ರಸ್ಸಿನ ಅಸಲಿ ರುಚಿ.

ಇದಕ್ಕೂ ಹಿಂದಿನ, ಕಂಚಿನ ಯುಗದ ಬಿಳಿ ಲೇಪದ 'ಹಾಲಿನ ಬಟ್ಟಲು'ಗಳು ತಿಗರಿಯಿಲ್ಲದೆ ಕೈಯಲ್ಲೇ ಮಾಡಿದವು. ಏಣಿಯಂಥ ಕಂದು ಗೆರೆಗಳ ಆ ಬಟ್ಟಲುಗಳು ಹಡಗೇರಿ ಸಿರಿಯಾ, ಈಜಿಪ್ಟ್‌ಗಳಿಗೂ ಹೋದವು.

ಪಕ್ಕದ ಚೀಟಿಯಲ್ಲಿ 'ದ್ವಿವರ್ಣ 4' ಎಂಬಂಥ ಅಂಕಿ ಕಂಡರೆ ಗಾಬರಿ ಬೇಡ. 1927ರಿಂದ 1931ರವರೆಗೆ ಉತ್ಖನನ ನಡೆಸಿದ ಸ್ವೀಡನ್ ತಂಡದ ಐನಾರ್ ಯೆರ್‌ಸ್ಟಾಡ್ ಹಾಕಿಕೊಟ್ಟ ವರ್ಗೀಕರಣವದು. ಅಂಕಿ ಕಾಲಕ್ರಮವನ್ನು ಹೇಳುತ್ತದೆ. ಆ ತಂಡಕ್ಕೆ ಸಿಕ್ಕ ಬಹುಪಾಲು ವಸ್ತುಗಳು ಸ್ಟಾಕ್‌ಹೋಮ್‌ನಲ್ಲಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲೂ ದೊಡ್ಡ ಸಂಗ್ರಹವಿದೆ. ಆ ಊರುಗಳಲ್ಲಿರುವ ಕನ್ನಡಿಗರು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ ಬನ್ನಿ. ಚೀಟಿಯನ್ನು ಕೊನೆಗೆ ಓದಿ.