ನಮ್ಮ ಹಾಡಿನಾಗ ನೂಲುವ ಕೈ ಎಲ್ಲೈತಿ?

ಜತ್ತ, ಮಂಗಳವೇಢೆ, ಅಕ್ಕಲಕೋಟ ಕಡೆಯ ನಮ್ಮ ಊರುಗಳಲ್ಲಿ ಡೊಳ್ಳಿನ ಹಾಡು ಕೇಳದೆ ಬೆಳೆದವರು ಕಡಿಮೆ. ದೀಪಾವಳಿ ಅಮಾವಾಸ್ಯೆಗೆ ಹುಲಿಜಂತಿಯ ಮಾಳಿಂಗರಾಯನ ಜಾತ್ರೆಗೆ ಹೋದರೆ ಹೆಗಲ ಮೇಲೆ ಕಂಬಳಿ, ಹಣೆಯ ಮೇಲೆ ಭಂಡಾರ, ಕಿವಿ ತುಂಬ ಡೊಳ್ಳು. ಆ ಹಾಡುಗಳಂದರೆ ನನಗೆ ಜೀವ. ಆದರೂ ಒಂದು ತಕರಾರು ಹೇಳಬೇಕಾಗಿದೆ.

ಅದು ಹುಟ್ಟಿದ್ದು ನನ್ನ ತಪ್ಪಿನಿಂದಲೇ. ಹಿಂದೊಮ್ಮೆ ಶಾಲೆಯ ಕಾರ್ಯಕ್ರಮಕ್ಕೆ ಕಂಬಳಿಯ ಮಹಿಮೆ ಕುರಿತು ಭಾಷಣ ಬರೆದು ಅವ್ವನ ಮುಂದೆ ಓದಿದೆ. ಕಂಬಳಿ ಗದ್ದುಗೆ, ಕುರಿ ಕಾಯುವ ಬೀರಪ್ಪ, ಕುಣಿಮಗ್ಗದಾಗ ಕುಂತು ನೇಯುವ ಮುತ್ಯಾ, ಎಲ್ಲ ಇತ್ತು. ಅವ್ವ ಕೇಳಿ, "ಛಲೋ ಬರದೀಯಪಾ. ನೂಲೇನು ಮಳಿ ಜೋಡಿ ಬಿತ್ತೇನು?" ಅಂದಳು.

ನನಗೆ ನಾಚಿಕೆಯಾಯಿತು. ಆಯಿ ರಾಟಿ ಮುಂದೆ ಕೂತದ್ದನ್ನು ದಿನಾ ನೋಡಿದವನು ನಾನು. ವರ್ಷಕ್ಕೆ ಎರಡು ಸಲ ಕುರಿ ಕತ್ತರಿಸಿದ ಮೇಲೆ ಉಣ್ಣೆಯೊಳಗಿನ ಮುಳ್ಳು-ಕಸ ಆರಿಸಿ, ಹಿಂಜಿ, ರೊಟ್ಟಿ, ಹೊಲ, ಕೂಸು ಎಲ್ಲ ಮುಗಿಸಿ ನೂಲುತ್ತಿದ್ದಳು. ಹಾಸಿನ ಎಳೆಗೆ ಹಚ್ಚುವ ಹುಣಸೆ ಬೀಜದ ಗಂಜಿ ಕುದಿಸುವವಳೂ ಅವಳೇ. ಒಂದು ಕಂಬಳಿಗೆ ನೇಯುವ ದಿನಕ್ಕಿಂತ ನೂಲುವ ದಿನ ಎಷ್ಟೋ ಹೆಚ್ಚು. ಸಂತೆಯಾಗ ರೊಕ್ಕ ಎಣಿಸಿದ್ದು ಮಾತ್ರ ಮುತ್ಯಾ.

ಈಗ ಹಾಡಿಗೆ ಬರೋಣ. ನಾನು ಕೇಳಿದ ಹಾಡುಗಳಲ್ಲಿ ಕುರಿ ಐತಿ, ಕಂಬಳಿ ಐತಿ. ನೂಲುವ ಕೈ ಕಾಣಲಿಲ್ಲ. ಹರದೇಶಿ-ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ರಾತ್ರಿಯಿಡೀ ವಾದ ಮಾಡುತ್ತವೆ. ಒಬ್ಬರು ಶಿವನನ್ನು, ಇನ್ನೊಬ್ಬರು ಶಕ್ತಿಯನ್ನು ಎತ್ತಿ ಹಿಡಿಯುತ್ತಾರೆ. ಜಾಣತನಕ್ಕೆ ಕೊರತೆಯಿಲ್ಲ. ಆದರೆ ಸಾಕ್ಷಿ ಬೇಕಾದಾಗ ಪುರಾಣಕ್ಕೇ ಓಡುತ್ತಾರೆ. ಕೇಳಲು ಕುಂತವರು ಹೊದ್ದ ಕಂಬಳಿಯನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ.

ಓದಿದ ನಾವೂ ಕಡಿಮೆಯಿಲ್ಲ. 'ಬದುಕಿನಲ್ಲಿ ಹಾಸುಹೊಕ್ಕಾಗಿದೆ' ಅಂತ ಎಲ್ಲ ಭಾಷಣದಲ್ಲೂ ಹೇಳುತ್ತೇವೆ. ಹಾಸು ಉದ್ದದ ಎಳೆ, ಹೊಕ್ಕು ಅಡ್ಡದ ಎಳೆ. ಎರಡನ್ನೂ ಯಾರೋ ನೂತಿರಬೇಕು ಅನ್ನೋದು ನೆನಪಿಗೆ ಬರೋದಿಲ್ಲ.

ದೇವರ ಹಾಡಿನಾಗ ಮನೆಗೆಲಸ ಯಾಕ ಅಂತ ಕೆಲವರು ಕೇಳಬಹುದು. ನಮ್ಮ ಹೆಣ್ಣುಮಕ್ಕಳ ಬೀಸುವ ಪದ ಕೇಳಿರಿ. ಅಲ್ಲಿ ದೇವರೂ ಇದ್ದಾನೆ, ಬೀಸುಕಲ್ಲೂ ಇದೆ, ತವರೂ ಇದೆ. ಅದರಿಂದ ಭಕ್ತಿಗೇನೂ ಕಡಿಮೆ ಬಿದ್ದಿಲ್ಲ. ಡೊಳ್ಳಿನ ಹಾಡಿಗೂ ಬೀಳುವುದಿಲ್ಲ.

ಈ ಮಾತು ಈಗಲೇ ಆಡಬೇಕಾಗಿದೆ. ಪಾಣಿಪತ್ತದ ಅಗ್ಗದ ಹೊದಿಕೆ ಸಂತೆಗೆ ಬಂದಿದೆ. ಕುರಿ ಸಾಕುವುದು ಮಾಂಸಕ್ಕೆ; ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಗಿಟ್ಟುವುದಿಲ್ಲ. ನಮ್ಮ ಮನೆಯ ರಾಟಿ ಮೂಲೆ ಸೇರಿದೆ. ಮಗ್ಗ ನಿಂತರೂ ನೇಕಾರನ ಹೆಸರು ಹಾಡಿನಲ್ಲಿ ಉಳಿದೀತು. ರಾಟಿ ನಿಂತರೆ ನೂತವಳು ಎಲ್ಲಿಯೂ ಉಳಿಯುವುದಿಲ್ಲ.

ಹಾಡುವ ಅಣ್ಣಂದಿರು ಮುಂದಿನ ಜಾತ್ರೆಗೆ ಒಂದು ನುಡಿ ಆಕೆಗೂ ಕಟ್ಟಲಿ. ಗುರುಗಳು ಮಕ್ಕಳಿಗೆ, ಮನೆಯ ಹಳೆ ಕಂಬಳಿಯ ನೂಲು ಯಾರದು ಅಂತ ಕೇಳಿಕೊಂಡು ಬರಲು ಹೇಳಲಿ. ನಾನಂತೂ ಆ ಭಾಷಣವನ್ನು ಆಯಿಯಿಂದಲೇ ಶುರುಮಾಡಿ ಮತ್ತೆ ಬರೆದಿದ್ದೇನೆ.