ಸಡಿಲವಾದ ಕೊಂಡಿಯ ವಿಚಾರ

ಡೋಣಿ ಹೊಳೆಯ ಸಾಲಿನ ಎರೆಭೂಮಿಯಲ್ಲಿರುವ ನಮ್ಮ ಸಾರವಾಡಕ್ಕೆ ರೈಲು ಬಂದುದಿಲ್ಲ. 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹೋಟಗಿ-ಗದಗುಗಳ ನಡುವೆ ತೆರೆದ ಮೀಟರ್ ಗೇಜ್ ಹಾದಿ ವಿಜಯಪುರವನ್ನು ಮುಟ್ಟಿ ಆಲಮಟ್ಟಿಯ ಕಡೆಗೆ ಹೊರಳಿತು. ಆದುದರಿಂದ ಇಲ್ಲಿಯ ಹುಡುಗರಿಗೆ ರೈಲಿನ ದರ್ಶನವೆಂಬುದು ಪೇಟೆಗೆ ಹೋದ ದಿನದ ಭಾಗ್ಯವಾಗಿತ್ತು. ಅಂಥದೊಂದು ದಿನ, ಉಳಿದವರೆಲ್ಲ ಎಂಜಿನ್ನನ್ನು ನೋಡುತ್ತಿರಲು, ನಾನು ಎರಡು ಡಬ್ಬಿಗಳ ಸಂಧಿಯಲ್ಲಿದ್ದ ಕೊಂಡಿಯನ್ನೇ ದಿಟ್ಟಿಸುತ್ತ ನಿಂತುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ನಟ್ಟನಡುವೆ ಒಂದೇ ಬಫರು, ಅದಕ್ಕೆ ಸೇರಿದ ದಪ್ಪ ಕೊಕ್ಕೆ. ಗಾಡಿ ಹೊರಡುವಾಗ ಆ ಕೊಕ್ಕೆ ಮೊದಲು ತನ್ನ ಸಡಿಲನ್ನೆಲ್ಲ ನುಂಗಿ, ಅನಂತರ ಸೆಟೆದು, ಹಿಂದಿನ ಡಬ್ಬಿಯನ್ನು ಎಳೆದುಕೊಂಡು ಹೋಗುತ್ತಿತ್ತು. ಸಡಿಲು ದೋಷವೋ ಗುಣವೋ ಎಂಬ ಪ್ರಶ್ನೆ ಅಂದು ಹುಟ್ಟಲಿಲ್ಲ. ಹಲವು ವರ್ಷಗಳ ಮೇಲೆ, ಮೊಮ್ಮಗನ ಮಾದರಿ ರೈಲಿನ ಡಬ್ಬಿಗಳನ್ನು ದುರಸ್ತಿಗೊಳಿಸಲು ಕುಳಿತಾಗ ಹುಟ್ಟಿತು.

ಆ ಡಬ್ಬಿಗಳು ಮೂರು, 16.5 ಮಿ.ಮೀ. ಹಳಿಯ ಮೇಲೆ ಓಡತಕ್ಕವು. ನೇರ ಹಾದಿಯಲ್ಲಿ ಒಗ್ಗಟ್ಟಿನಿಂದ ಸಾಗುತ್ತಿದ್ದ ಅವು ತಿರುವಿನಲ್ಲಿ ಒಂದನ್ನೊಂದು ಕೈಬಿಟ್ಟು ನಿಂತುಬಿಡುತ್ತಿದ್ದವು. ಇಂಥಲ್ಲಿ ಬಹುಜನರು ಅನುಸರಿಸುವ ಪದ್ಧತಿ ಒಂದೇ: ಕೊಂಡಿಯ ಬುಡಕ್ಕೆ, ಕ್ಷಣಮಾತ್ರದಲ್ಲಿ ಕಚ್ಚಿಕೊಳ್ಳುವ ಅಂಟಿನ ಹನಿಯೊಂದನ್ನು ಬಿಡುವುದು. ನಾನೂ ಒಂದು ಡಬ್ಬಿಗೆ ಹಾಗೆಯೇ ಮಾಡಿದೆನು. ಕೊಂಡಿ ಕಲ್ಲಿನಂತೆ ನಿಂತಿತು. ಆದರೆ ಮೊದಲು ಕೇವಲ ಕಳಚಿಕೊಳ್ಳುತ್ತಿದ್ದ ಡಬ್ಬಿ ಈಗ ತಿರುವು ಬಂದೊಡನೆ ಹಳಿಯನ್ನೇ ಬಿಟ್ಟು ಮಗ್ಗುಲಾಗತೊಡಗಿತು. ಅಂಟಿನ ಹಬೆ ತಾಗಿದ ಕಡೆಯಲ್ಲೆಲ್ಲ ನೀಲಿ ಬಣ್ಣದ ಮೇಲೆ ಬಿಳಿಯ ಬೂದಿ ಕವಿದಂತಾಯಿತು. ರೋಗಕ್ಕಿಂತ ಚಿಕಿತ್ಸೆಯೇ ಘೋರವಾಗಿ ಪರಿಣಮಿಸಿದ ಈ ಪದ್ಧತಿಯನ್ನು ವಿಮರ್ಶಿಸುವುದು ಅವಶ್ಯವೆಂದು ನನಗೆ ತೋರಿತು.

ಅಂಟಿನ ಪದ್ಧತಿಯ ಮೂಲದೋಷವು ಅಂಟಿನಲ್ಲಿಲ್ಲ. ಸಡಿಲೆಲ್ಲವೂ ಒಂದೇ ಜಾತಿಯದೆಂದು ಬಗೆಯುವ ಅವಿಚಾರದಲ್ಲಿದೆ. ಕೊಂಡಿಯು ಮೇಲಕ್ಕೂ ಕೆಳಕ್ಕೂ ಆಡುವುದು ಒಂದು ಬಗೆಯ ಸಡಿಲು. ಎಡಕ್ಕೂ ಬಲಕ್ಕೂ ಆಡುವುದು ಇನ್ನೊಂದು. ಮೊದಲನೆಯದು ರೋಗ: ಜೋತುಬಿದ್ದ ಕೊಂಡಿ ಎದುರಿನ ಕೊಂಡಿಯ ಅಡ್ಡಪಟ್ಟಿಯ ಕೆಳಗೆ ನುಸುಳಿ ಕಳಚಿಕೊಳ್ಳುತ್ತದೆ, ಇಲ್ಲವೇ ಹಳಿ ಕವಲೊಡೆಯುವ ಎಡೆಯಲ್ಲಿ ನೆಲಕ್ಕೆ ತಾಗಿ ತಡೆಯುತ್ತದೆ. ಎರಡನೆಯದಾದರೋ ಡಬ್ಬಿಯ ಜೀವಾಳ. ಇದನ್ನು ಲೆಕ್ಕದಿಂದಲೇ ತೋರಿಸಬಹುದು. ಪೆರಂಬೂರಿನ ಐ.ಸಿ.ಎಫ್. ಕಾರ್ಖಾನೆಯ ಹಳೆಯ ಮಾದರಿಯ ಡಬ್ಬಿಯ ಒಡಲು 21.3 ಮೀಟರು ಉದ್ದ. ಅದರ ಎರಡು ಗಾಲಿಚೌಕಟ್ಟುಗಳ ಕೇಂದ್ರಗಳ ನಡುವಣ ಅಂತರ 14.78 ಮೀಟರು. ಮಾದರಿಯ ಅಳತೆಗೆ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದಾಗ ಇವು 245 ಮತ್ತು 170 ಮಿ.ಮೀ. ಆಗುತ್ತವೆ. ಇಂಥ ಡಬ್ಬಿಯನ್ನು, ಆಟದ ಹಳಿಗಳಲ್ಲಿ ಸಾಮಾನ್ಯವಾದ 438 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ನಿಲ್ಲಿಸಿದರೆ, ಅದರ ತುದಿಯು ಹಳಿಯ ನಡುಗೆರೆಯಿಂದ ಸುಮಾರು 9 ಮಿ.ಮೀ.ಗಳಷ್ಟು ಹೊರಕ್ಕೆ ಸರಿಯುತ್ತದೆ. ನೇರ ಹಾದಿಯಿಂದ ತಿರುವಿಗೆ ಹೊಗುವಾಗ ಮುಂದಿನ ಡಬ್ಬಿಯ ಬಾಲವು ಹೀಗೆ ಹೊರಕ್ಕೆ ತೂಗಿದರೂ ಹಿಂದಿನದರ ಮೂತಿಯು ಇನ್ನೂ ನಡುಗೆರೆಯಲ್ಲಿಯೇ ಇರುವುದು; ಆ ಅಂತರವನ್ನು ನುಂಗಿಕೊಳ್ಳತಕ್ಕದ್ದು ಪಕ್ಕಕ್ಕೆ ಆಡುವ ಕೊಂಡಿಯಲ್ಲದೆ ಬೇರಾವುದೂ ಇಲ್ಲ. ಅದನ್ನು ಕಲ್ಲಾಗಿಸಿದಮೇಲೆ ಆ ಬಲವೆಲ್ಲವೂ ಗಾಲಿಯ ಅಂಚಿನ ಮೇಲೆ ಬಿದ್ದು, ಹಗುರವಾದ ಡಬ್ಬಿ ಹಳಿಯನ್ನು ಏರಿ ಹೊರಬೀಳುವುದು ಸಹಜವೇ.

ನಿಜವಾದ ರೈಲಿನಲ್ಲಿ ಇಂಥ ಡಬ್ಬಿಗಳನ್ನು ತಿರುಪಿನ ಕೊಂಡಿಯಿಂದ, ಬಫರುಗಳು ಒಂದಕ್ಕೊಂದು ತಾಗುವಂತೆ ಬಿಗಿಯುತ್ತಾರಲ್ಲ, ಮಾದರಿಗೆ ಮಾತ್ರ ಈ ಸಡಿಲಿನ ಉಪದೇಶವೇಕೆ ಎಂದು ಕೇಳುವವರುಂಟು. ಪ್ರಶ್ನೆ ಯೋಗ್ಯವಾದುದೇ. ನಮ್ಮ ಬ್ರಾಡ್ ಗೇಜ್ ಹಾದಿಗೆ ಅನುಮತಿಸಿರುವ ಅತಿ ಕಡಿದಾದ ತಿರುವು 175 ಮೀಟರು ತ್ರಿಜ್ಯದ್ದು. ಮಾದರಿಯ ಅಳತೆಯಲ್ಲಿ ಅದು ಎರಡು ಮೀಟರು. ಅಷ್ಟು ಅಗಲದ ಸುತ್ತನ್ನು ಹಾಸಬೇಕಾದರೆ ನಮ್ಮ ಪಡಸಾಲೆಯ ಗೋಡೆಗಳೇ ಸಾಲವು. ಆಟದ ಹಳಿಯ ತಿರುವನ್ನು ನಿಜದ ಅಳತೆಗೆ ಹಿಗ್ಗಿಸಿದರಾದರೋ 38 ಮೀಟರಾಗುವುದು. ಅಂಥ ಹಾದಿಯಲ್ಲಿ ಇಂಥ ಡಬ್ಬಿ ಓಡಲಾರದು. ಸ್ಥಳಸಂಕೋಚದ ನಿಮಿತ್ತ ತಿರುವನ್ನು ನಾಲ್ಕು ಪಟ್ಟಿಗೂ ಮಿಗಿಲಾಗಿ ಕಡಿದಾಗಿಸಿದವರು ಕೊಂಡಿಗೆ ಅಷ್ಟು ಸಡಿಲನ್ನೂ ದಯಪಾಲಿಸಬೇಕು. ನಮ್ಮ ಕಡೆಯ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ: ಚಕ್ಕಡಿಯ ಈಸಿಗೆ ನೊಗವನ್ನು ಮಿಣಿಯಿಂದ ಬಿಗಿಯುವಾಗ ಅದು ಜಾರದಂತೆಯೂ ಇರಬೇಕು, ಎತ್ತು ಹೊರಳಿದ ಕಡೆಗೆ ಹೊರಳುವಂತೆಯೂ ಇರಬೇಕು ಎಂಬುದನ್ನು ಅವನ ಕೈಯೇ ಬಲ್ಲದು.

ನನಗೆ ಫಲಕೊಟ್ಟ ಕ್ರಮವು ಇಂತಿದೆ. ಡಬ್ಬಿಗಳನ್ನು ಗಾಜಿನ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ, ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು, ಯಾವ ಕೊಂಡಿ ಎಷ್ಟು ಜೋತಿದೆಯೆಂಬುದನ್ನು ಮೊದಲು ನಿಶ್ಚಯಿಸಬೇಕು. ಆಮೇಲೆ ಡಬ್ಬಿಯನ್ನು ಅಂಗಾತ ಮಲಗಿಸಿ, ಕೊಂಡಿಯ ಬುಡಕ್ಕೂ ತಳಕ್ಕೂ ನಡುವೆ ಹಳೆಯ ಲಗ್ನಪತ್ರಿಕೆಯ ಕಾಗದದಿಂದ ಕತ್ತರಿಸಿದ ಸಣ್ಣ ಬಿಲ್ಲೆಯನ್ನು ಸೇರಿಸಬೇಕು. ತಿರುಪಿನ ಮೊಳೆಯಿದ್ದರೆ ಅದನ್ನು ಪೂರ್ತಿ ಬಿಗಿದು ಕಾಲು ಸುತ್ತಿನಷ್ಟು ಹಿಂದಕ್ಕೆ ಬಿಡಬೇಕು. ಬಿಚ್ಚಲಾಗದ ಗುಬ್ಬಿಮೊಳೆಯಿದ್ದರೆ ಬಿಲ್ಲೆಯನ್ನು ಒಂದು ಕಡೆ ಸೀಳಿ ಪಕ್ಕದಿಂದ ತೂರಿಸಬೇಕು. ಬಿಲ್ಲೆ ಮೇಲೆ-ಕೆಳಗಿನ ಆಟವನ್ನು ತುಂಬುತ್ತದೆ. ಪಕ್ಕದ ಆಟಕ್ಕೆ ಧಕ್ಕೆ ತರುವುದಿಲ್ಲ. ಬಡಿಗೇರನು ಬೆಣೆ ಬಡಿಯುವುದು ಇದೇ ತತ್ತ್ವದಿಂದ. ಪೆನ್ಸಿಲ್ಲಿನ ಸೀಸವನ್ನು ಕೆರೆದು ಆ ಪುಡಿಯನ್ನು ಚಿಟಿಕೆಯಷ್ಟು ಉದುರಿಸಿದರೆ ಒಣಗಿದ ಸಂದು ನುಣುಪಾಗುವುದು. ಎಣ್ಣೆ ಕೂಡದು, ಅದು ನಮ್ಮೂರಿನ ಧೂಳನ್ನೆಲ್ಲ ಕರೆದು ಕೂಡಿಸಿಕೊಳ್ಳುತ್ತದೆ. ಕೊನೆಗೆ ಗಾಡಿಯನ್ನು ಮುಂದಕ್ಕೆ ಎಳೆದು ತೃಪ್ತರಾಗದೆ, ತಿರುವಿನಲ್ಲಿ ನಿಧಾನವಾಗಿ ಹಿಂದಕ್ಕೆ ತಳ್ಳಿ ನೋಡಬೇಕು. ಎಳೆತದಲ್ಲಿ ಅಡಗಿರುವ ದೋಷವು ತಳ್ಳುವಾಗ ಬಯಲಾಗುತ್ತದೆ.

ಕೊಂಡಿಗಳ ಜಾತಿಯನ್ನು ಕುರಿತು ಒಂದೆರಡು ಮಾತು. 1950ರ ದಶಕದಲ್ಲಿ ಬ್ರಿಟನ್ನಿನ ಟ್ರೈ-ಆಂಗ್ ಸಂಸ್ಥೆಯವರು ರೂಢಿಗೆ ತಂದ ಕೊಕ್ಕೆ-ಅಡ್ಡಪಟ್ಟಿಯ ಕೊಂಡಿ ಕಣ್ಣಿಗೆ ಒಡ್ಡೊಡ್ಡಾಗಿದೆ, ಯಾವ ನಿಜವಾದ ರೈಲಿನಲ್ಲಿಯೂ ಅದರ ಪಡಿಯಚ್ಚಿಲ್ಲ; ಆದರೂ ಮಕ್ಕಳ ಕೈಯ ಒರಟುತನವನ್ನೂ ಹಳಿಯ ಏರುಪೇರನ್ನೂ ಅದು ಸಹಿಸುವಷ್ಟು ಬೇರೊಂದು ಸಹಿಸದು. ಅಮೆರಿಕದ ಕೇಡೀ ಕೊಂಡಿ ಬಾಗಿದ ಬೆರಳುಗಳು ಒಂದರೊಳಗೊಂದು ಸೇರಿದಂತೆ ಬಹು ಸುಂದರವಾಗಿ ಕೂಡಿಕೊಳ್ಳುತ್ತದೆ, ಹಳಿಯ ನಡುವಣ ಅಯಸ್ಕಾಂತದಿಂದ ಬಿಡಿಸಿಕೊಳ್ಳುತ್ತದೆ. ಆದರೆ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅದು ಕ್ಷಮಿಸದು. ನಡುಕೊಂಡಿಯುಳ್ಳ ಇಂದಿನ ಎಲ್.ಎಚ್.ಬಿ. ಡಬ್ಬಿಯ ಮಾದರಿಗೆ ಅದು ಒಪ್ಪುವುದು. ಎರಡು ಬಫರುಗಳ ಹಳೆಯ ಐ.ಸಿ.ಎಫ್. ಡಬ್ಬಿಗೆ ಹಚ್ಚಿದರೆ ಎರವಲು ಪೇಟದಂತೆ ಕಾಣುವುದು. ಕೊಂಡಿ ಜೋತಿದೆಯೆಂಬ ಒಂದೇ ಕಾರಣಕ್ಕೆ ಜಾತಿಯನ್ನೇ ಬದಲಿಸುವುದು, ಕಾಗದದ ಬಿಲ್ಲೆಯಿಂದ ಆಗುವ ಕೆಲಸಕ್ಕೆ ವೃಥಾ ಹಣ ಸುರಿಯುವುದೇ ಸರಿ.

ಮೂರರಲ್ಲಿ ಎರಡು ಡಬ್ಬಿಗಳಿಗೆ ಬಿಲ್ಲೆಯನ್ನಿಟ್ಟೆನು. ಅವು ಒಂದು ಸಂಜೆಯೆಲ್ಲ ಹಿಂದಕ್ಕೂ ಮುಂದಕ್ಕೂ ಓಡಿ ಒಮ್ಮೆಯೂ ಅಗಲಲಿಲ್ಲ. ಮೂರನೆಯದರಲ್ಲಿ ಒಣಗಿದ ಅಂಟನ್ನು ಬ್ಲೇಡಿನಿಂದ ಕೆರೆದು ಬಿಡಿಸಲು ಹೋದಾಗ ಬುಡದ ಗೂಟವೇ ಮುರಿದುಹೋಯಿತು, ಆ ಡಬ್ಬಿ ಈಗ ಕಪಾಟಿನಲ್ಲಿದೆ. ಮನೆಯಲ್ಲಿ ಇಂಥ ಗಾಡಿಯನ್ನು ಇಟ್ಟುಕೊಂಡಿರುವ ಮಹನೀಯರು ಅಂಟಿನ ಸೀಸೆಯನ್ನು ತೆರೆಯುವ ಮುನ್ನ, ಕೊಂಡಿ ಯಾವ ದಿಕ್ಕಿಗೆ ಆಡುತ್ತಿದೆಯೆಂಬುದನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.