ಅಂಚು ಸವೆದ ಕಾರ್ಡಿನ ಚೆಲುವು

ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಪುಟ್ಟ ರಟ್ಟು. ಅಗಲ ಒಂದೂವರೆ ಇಂಚಿಗೂ ಕಡಿಮೆ, ಎತ್ತರ ಎರಡೂವರೆಗಿಂತ ತುಸು ಹೆಚ್ಚು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು ಪ್ಯಾಕುಗಳೊಳಗಿಟ್ಟು ಹಂಚಿದ ಈ ಬೇಸ್‌ಬಾಲ್ ಕಾರ್ಡುಗಳಿಗೆ ಸಂಗ್ರಾಹಕರ ಬಾಯಲ್ಲಿ ಟಿ206 ಎಂದು ಹೆಸರು. ಸರಕು ಮಾರಲೆಂದು ಪುಕ್ಕಟೆ ಕೊಟ್ಟ ರಟ್ಟಿನ ಮೇಲೆ ಎಷ್ಟೊಂದು ಕಸುಬುಗಾರಿಕೆ ಸುರಿದಿದ್ದಾರೆ!

ಡೆಟ್ರಾಯಿಟ್ ತಂಡದ ಟೈ ಕಾಬ್ ಈ ಮಾಲೆಯ ನಾಲ್ಕು ಕಾರ್ಡುಗಳಲ್ಲಿದ್ದಾನೆ. ಎರಡರಲ್ಲಿ ಬ್ಯಾಟು ಹಿಡಿದಿದ್ದಾನೆ. ಉಳಿದೆರಡು ಮುಖಚಿತ್ರ, ಒಂದಕ್ಕೆ ಕೆಂಪು ಹಿನ್ನೆಲೆ, ಇನ್ನೊಂದಕ್ಕೆ ಹಸಿರು. ಕೆಂಪಿನಲ್ಲಿ ಮುಖ ಎದುರಿಗೇ ನುಗ್ಗಿ ಬರುತ್ತದೆ. ಹಸಿರಿನಲ್ಲಿ ಕಣ್ಣು ನಿಧಾನವಾಗಿ ನೆಲೆಸುತ್ತದೆ. ಭೂತಗನ್ನಡಿ ಇಟ್ಟರೆ ಕೆನ್ನೆಯ ನಸುಗೆಂಪು ಸಣ್ಣ ಸಣ್ಣ ಚುಕ್ಕಿಗಳಾಗಿ ಬಿಡಿಸಿಕೊಳ್ಳುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು, ಒಂದರ ಮೇಲೊಂದು. ರವಿವರ್ಮನ ಲಕ್ಷ್ಮಿ, ಸರಸ್ವತಿಯರನ್ನು ನಮ್ಮ ಮನೆಗಳ ಗೋಡೆಗೆ ತಂದ ಕಲ್ಲಚ್ಚಿನ ವಿದ್ಯೆಯೇ ಇದು. ಅಚ್ಚು ತುಸು ಜರುಗಿದ ಪ್ರತಿಗಳಲ್ಲಿ ಬಣ್ಣ ಗೆರೆ ದಾಟಿ ನಿಂತಿರುತ್ತದೆ. ಯಂತ್ರದ ಹಿಂದಿದ್ದ ಕೈಯನ್ನು ಅಲ್ಲಿ ಗುರುತಿಸಬಹುದು.

ಲೋಕಕ್ಕೆಲ್ಲ ಗೊತ್ತಿರುವುದು ಇದೇ ಮಾಲೆಯ ಹೋನಸ್ ವ್ಯಾಗ್ನರ್ ಕಾರ್ಡು. ಅದರ ಮುದ್ರಣ ಬೇಗನೆ ನಿಂತದ್ದರಿಂದ ಉಳಿದವು ಬೆರಳೆಣಿಕೆಯವು. 2022ರಲ್ಲಿ ಒಂದು 72.5 ಲಕ್ಷ ಡಾಲರಿಗೆ ಹೋಯಿತು.

ಇನ್ನೊಂದು ಸೊಗಸು 1952ರ ಟಾಪ್ಸ್ ಮಾಲೆಯದು. ಬ್ರೂಕ್ಲಿನ್ನಿನ ಈ ಚೂಯಿಂಗ್ ಗಮ್ ಕಂಪನಿಗಾಗಿ ಸೈ ಬರ್ಗರ್, ವುಡಿ ಗೆಲ್ಮನ್ ಇಬ್ಬರೂ ಬರ್ಗರ್ ಮನೆಯ ಅಡುಗೆಕೋಣೆಯ ಮೇಜಿನ ಮೇಲೆ ಅದನ್ನು ರೂಪಿಸಿದರು. ಕಾರ್ಡು ದೊಡ್ಡದಾಯಿತು. ಮುಂದೆ ಆಟಗಾರನ ಚಿತ್ರ, ಸಹಿಯ ನಕಲು, ತಂಡದ ಲಾಂಛನ. ಹಿಂದೆ ಕಳೆದ ವರ್ಷದ ಮತ್ತು ಇಡೀ ಆಟದ ಬದುಕಿನ ಅಂಕಿಅಂಶ. ಹುಡುಗರು ಮುಖ ನೋಡುತ್ತಲೇ ಲೆಕ್ಕ ಕಲಿತರು. ಮಾರಾಟವಾಗದೆ ಉಳಿದ ಪೆಟ್ಟಿಗೆಗಟ್ಟಲೆ ಕಾರ್ಡುಗಳನ್ನು 1960ರಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಅದೇ ಮಾಲೆಯ 311ನೆಯ ಕಾರ್ಡು, ಮಿಕಿ ಮ್ಯಾಂಟಲ್‌ನದು, 2022ರಲ್ಲಿ 1 ಕೋಟಿ 26 ಲಕ್ಷ ಡಾಲರ್ ತಂದಿತು.

ಈಗ ಕಾರ್ಡುಗಳಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚುತ್ತಾರೆ. ಮೂಲೆ ಚೂಪಾಗಿದೆಯೇ, ಚಿತ್ರ ನಡುಮಧ್ಯೆ ಕೂತಿದೆಯೇ, ಮಡಿಕೆ ಇದೆಯೇ ಎಂಬುದನ್ನು ಅಂಕ ಹೇಳುತ್ತದೆ. ಮೋಸ ತಡೆಯಲು ಅದು ಬೇಕು. ಆದರೆ ಸವೆದ ಮೂಲೆಯನ್ನು ಬರೀ ದೋಷವೆಂದು ಕಾಣಲು ನನ್ನಿಂದಾಗದು. ಜೇಬಿನಲ್ಲಿಟ್ಟು ತಿರುಗಿದ್ದು, ಕೈ ಬದಲಾಗಿದ್ದು, ನೂರು ಸಲ ತೆಗೆದು ನೋಡಿದ್ದು ಅಲ್ಲಿ ಅಚ್ಚಾಗಿದೆ. ಕಾರ್ಡು ಹುಟ್ಟಿದ್ದೇ ಅದಕ್ಕೆ.

ಅದಲುಬದಲಿನ ಸುಖವೂ ಇದರದೇ ಭಾಗ. ಒಂದೇ ಕಾರ್ಡು ಎರಡೆರಡು ಸಿಕ್ಕಿದವನು ತನಗಿಲ್ಲದ್ದನ್ನು ಅರಸಿ ಇನ್ನೊಬ್ಬನ ಮುಂದೆ ಕೂರುತ್ತಾನೆ. ಒಳ್ಳೆಯ ಸಂಗ್ರಾಹಕ ತನ್ನ ಕಾರ್ಡಿನ ಮಡಿಕೆಯನ್ನು ತಾನೇ ಮೊದಲು ತೋರಿಸುತ್ತಾನೆ. ಎದುರಿನವನ ಪಟ್ಟಿಯಲ್ಲಿನ ಖಾಲಿ ಜಾಗ ತುಂಬಿದಾಗ ತಾನೂ ಹಿಗ್ಗುತ್ತಾನೆ.

ಈ ಗುಣದ ಶಿಖರ ಸಿರಾಕ್ಯೂಸ್‌ನ ಜೆಫರ್ಸನ್ ಬರ್ಡಿಕ್. ಟಿ206 ಎಂಬ ಗುರುತು ಅವರ ಕ್ಯಾಟಲಾಗಿನದೇ. ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು, ಮುದ್ರಿತ ಚೀಟಿಗಳನ್ನು ಅವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. ಸಂಧಿವಾತದಿಂದ ಬೆರಳು ಮಡಚಲಾಗದಿದ್ದರೂ ವರ್ಷಗಟ್ಟಲೆ ತಾವೇ ಕೂತು ಆಲ್ಬಮ್ಮುಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಮಾರ್ಚಿನಲ್ಲಿ ತೀರಿಕೊಂಡರು. ಅಂಟು ಸೋಕಿದರೆ ಬೆಲೆ ಬಿದ್ದೀತೆಂಬ ಚಿಂತೆ ಅವರಿಗಿರಲಿಲ್ಲ. ಎಲ್ಲರೂ ನೋಡಬೇಕೆಂಬ ಆಸೆಯಿತ್ತು.

ಹೊಸದಾಗಿ ಕೂಡಿಡಲು ಹೊರಟವರಿಗೆ ನನ್ನ ಮಾತಿಷ್ಟೆ: ಅಂಕ ಕಡಿಮೆಯಿರಲಿ, ಚಿತ್ರ ಚೆನ್ನಾಗಿರುವುದನ್ನು ಆರಿಸಿ. ಮನೆಗೆ ಬಂದವರ ಕೈಗೂ ಕೊಡಿ. ತೋರಿಸಿದಷ್ಟೂ ಅದರ ಸವಿ ಹೆಚ್ಚುತ್ತದೆ.